ಪ್ರತಿ ಮಗುವಿಗೂ ಒಂದು ಸರದಿ

2024ರ ಬೇಸಿಗೆಯನ್ನು ನಾನು ಅಮೆರಿಕದ ಚಿಕಾಗೋ ನಗರದ ದಕ್ಷಿಣ ಭಾಗದಲ್ಲಿ, ಮಗಳ ಮನೆಯಲ್ಲಿ ಕಳೆದೆ. ಮೂವತ್ತೆಂಟು ವರ್ಷ ಮುಂಬಯಿಯಲ್ಲಿ ಲೆಕ್ಕಪತ್ರ ಬರೆದು ನಿವೃತ್ತನಾದ ನನಗೆ ಬೇಸ್‌ಬಾಲ್ ಎಂಬ ಆಟದ ಗಂಧಗಾಳಿಯೂ ಇರಲಿಲ್ಲ. ಸಂಜೆ ಹೊತ್ತು ಹೋಗದೆ, ಹತ್ತು ವರ್ಷದ ಮೊಮ್ಮಗನ ಪಕ್ಕದಲ್ಲಿ ಕುಳಿತು ಟಿ.ವಿ. ನೋಡುತ್ತ ನೋಡುತ್ತ, ಆ ಊರಿನ ವೈಟ್ ಸಾಕ್ಸ್ ತಂಡವನ್ನು ಹಿಂಬಾಲಿಸತೊಡಗಿದೆ. ಮಾಟುಂಗಾದ ನನ್ನ ಗೆಳೆಯರು ಇದನ್ನು ಕೇಳಿ ಈಗಲೂ ನಗುತ್ತಾರೆ. ನಗುವುದಕ್ಕೆ ಕಾರಣವೂ ಉಂಟು. ನಾನು ಮೆಚ್ಚಿಕೊಂಡ ಆ ತಂಡ ಆ ವರ್ಷ 162 ಪಂದ್ಯಗಳಲ್ಲಿ 41 ಗೆದ್ದು 121 ಸೋತಿತು. 1901ರಿಂದೀಚೆಗೆ ಅಮೆರಿಕದ ಪ್ರಮುಖ ಲೀಗುಗಳಲ್ಲಿ ಯಾವ ತಂಡವೂ ಒಂದೇ ಋತುವಿನಲ್ಲಿ ಅಷ್ಟು ಸಲ ಸೋತದ್ದಿಲ್ಲ.

ಈ ಆಟವನ್ನು ಅರಿಯದವರಿಗಾಗಿ ಎರಡು ಮಾತು. ಒಬ್ಬ ಚೆಂಡನ್ನು ಎಸೆಯುತ್ತಾನೆ. ಇನ್ನೊಬ್ಬ ದುಂಡನೆಯ ಬ್ಯಾಟಿನಿಂದ ಅದನ್ನು ಹೊಡೆದು, ನಾಲ್ಕು ಮೂಲೆಗಳ ಒಂದು ಚೌಕವನ್ನು ಸುತ್ತಿ ಬರಲು ಓಡುತ್ತಾನೆ. ಸುತ್ತು ಪೂರ್ಣವಾದರೆ ಒಂದು ಓಟ. ನಮ್ಮ ಕ್ರಿಕೆಟ್ಟಿನ ದೂರದ ದಾಯಾದಿ ಎನ್ನಬಹುದು. ಆದರೆ ಸೋಲನ್ನು ದಿನಚರಿಯ ಭಾಗವನ್ನಾಗಿ ಮಾಡಿಕೊಂಡಿರುವುದು ಈ ಆಟದ ವಿಶೇಷ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಪಂದ್ಯವಿರುತ್ತದೆ. ಆ ವರ್ಷ ಚಾಂಪಿಯನ್ ಆದ ಲಾಸ್ ಏಂಜಲೀಸಿನ ಡಾಜರ್ಸ್ ತಂಡವೂ ಋತುವಿನಲ್ಲಿ 64 ಪಂದ್ಯ ಸೋತಿತ್ತು. ಹತ್ತು ಸಲದಲ್ಲಿ ಮೂರು ಸಲ ಹೊಡೆತ ಫಲಿಸಿದರೆ ಆತ ಶ್ರೇಷ್ಠ ದಾಂಡಿಗ. ಏಳು ಸಲ ವಿಫಲನಾದುದನ್ನು ಯಾರೂ ಆಡಿಕೊಳ್ಳುವುದಿಲ್ಲ. ಮೈದಾನದ ಫಲಕದ ಮೇಲೆ ಓಟಗಳ ಪಕ್ಕದಲ್ಲಿಯೇ ತಂಡ ಮಾಡಿದ ತಪ್ಪುಗಳ ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ತಪ್ಪು ಮಾಡಿದವನು ಅದರ ಕೆಳಗೇ ನಿಂತು ಮುಂದಿನ ಚೆಂಡಿಗೆ ಕಾಯುತ್ತಾನೆ. ಜೀವನಪೂರ್ತಿ ಲೆಕ್ಕಪುಸ್ತಕದಲ್ಲಿ ತಪ್ಪು ಹುಡುಕಿದವನಾದ ನನಗೆ ಈ ಪ್ರಾಮಾಣಿಕತೆ ಬಹಳ ಹಿಡಿಸಿತು.

ವೈಟ್ ಸಾಕ್ಸ್ ಮೊದಲ 25 ಪಂದ್ಯಗಳಲ್ಲಿ 22ನ್ನು ಸೋತಿತು. ಜುಲೈ ತಿಂಗಳಲ್ಲಿ ಆರಂಭವಾದ ಸೋಲಿನ ಸಾಲು ಆಗಸ್ಟಿನವರೆಗೂ ಮುಂದುವರಿದು ಸತತ 21 ಪಂದ್ಯಗಳನ್ನು ನುಂಗಿತು. ಆಗಸ್ಟಿನಲ್ಲಿ ತಂಡದ ಮ್ಯಾನೇಜರನ್ನು ವಜಾ ಮಾಡಿದರು. ಸೋಲು ಮಾತ್ರ ತಂಡದಲ್ಲೇ ಉಳಿಯಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ 120 ಸೋಲು. 1962ರ ನ್ಯೂಯಾರ್ಕ್ ಮೆಟ್ಸ್ ತಂಡದ ಕುಖ್ಯಾತಿಗೆ ಸರಿಸಮ. ಸೆಪ್ಟೆಂಬರ್ 24ರಂದು ತಂಡ ಊರಿಗೆ ಬಂದಾಗ ನಾನೂ ಮೊಮ್ಮಗನೂ 35ನೇ ಬೀದಿಯ ಕ್ರೀಡಾಂಗಣಕ್ಕೆ ಹೋದೆವು. ಇತಿಹಾಸವಾಗುವುದನ್ನು ಕಣ್ಣಾರೆ ನೋಡಲೆಂದೇ, ಅಂದರೆ ತಮ್ಮ ತಂಡ ಸೋಲಲೆಂದೇ, ಕಾದು ಕುಳಿತವರು ಸುತ್ತಲೂ ಹಲವರಿದ್ದರು. ತಂಡವನ್ನು ಮಾರಿಬಿಡಿ ಎಂದು ಮಾಲೀಕರನ್ನು ಉದ್ದೇಶಿಸಿ ಕೂಗುವವರೂ ಇದ್ದರು. ಹಿಂದೆ ಬಿದ್ದಿದ್ದ ತಂಡ ಎಂಟನೆಯ ಇನಿಂಗ್ಸಿನಲ್ಲಿ ಎದ್ದು ನಿಂತು 3–2ರಿಂದ ಗೆದ್ದುಬಿಟ್ಟಿತು! ಅಲ್ಲಿ ಮೂರು ದಿನ ಸತತವಾಗಿ ಗೆದ್ದು, 27ರಂದು ಡೆಟ್ರಾಯಿಟಿಗೆ ಹೋಗಿ ದಾಖಲೆಯ ಸೋಲನ್ನು ಸೋತಿತು. ಮರುವರ್ಷ, 2025ರಲ್ಲಿ, ಚಿಕಾಗೋದಲ್ಲಿ ಹುಟ್ಟಿದ, ಈ ತಂಡದ ಅಭಿಮಾನಿಯೊಬ್ಬರು ಪೋಪ್ ಪದವಿಗೇರಿದರು. ಆ ವರ್ಷವೂ ತಂಡ 102 ಪಂದ್ಯ ಸೋತಿತು. ದೇವರು ಇಂಥ ವಿಷಯಗಳಲ್ಲಿ ಪಕ್ಷಪಾತಿಯಲ್ಲ ಎಂದು ತಿಳಿಯಬೇಕು.

ಇಷ್ಟೇ ಆಗಿದ್ದರೆ ಇದೊಂದು ಪ್ರವಾಸಿ ಅಜ್ಜನ ಲಘು ಹರಟೆಯಾಗುತ್ತಿತ್ತು. ಆದರೆ ಆ ಬೇಸಿಗೆಯ ಮಧ್ಯದಲ್ಲಿ ಮೊಮ್ಮಗ ಕೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಅವನೂ ಬೇಸ್‌ಬಾಲ್ ಆಡುತ್ತಿದ್ದ. ಮನೆಯ ಹತ್ತಿರದ ಉದ್ಯಾನದಲ್ಲಿ ನೆರೆಕೆರೆಯ ಮಕ್ಕಳ ಒಂದು ಸಣ್ಣ ಲೀಗು ಇತ್ತು. ಎರಡು ವರ್ಷಗಳ ಹಿಂದೆ ಅದರಲ್ಲಿ ಆರು ತಂಡಗಳಿದ್ದವಂತೆ. ನಾನು ಹೋದಾಗ ಮೂರು. ಒಂದೆರಡು ಶನಿವಾರ ಒಂಬತ್ತು ಮಕ್ಕಳು ಕೂಡದೆ ಪಂದ್ಯವೇ ರದ್ದಾಯಿತು. ಚೆನ್ನಾಗಿ ಆಡುವ ಮಕ್ಕಳೆಲ್ಲ ಖಾಸಗಿ ತಂಡವೊಂದಕ್ಕೆ ಆಯ್ಕೆಯಾಗಿ ಹೋಗಿದ್ದರು. ವಾರಾಂತ್ಯಕ್ಕೊಂದು ಊರಿಗೆ ಪಯಣಿಸಿ ಆಡುವ ತಂಡ ಅದು. ಶುಲ್ಕ, ಸಮವಸ್ತ್ರ, ತರಬೇತಿ, ಹೋಟೆಲು ಎಲ್ಲ ಸೇರಿ ವರ್ಷಕ್ಕೆ ಕೆಲವು ಸಾವಿರ ಡಾಲರುಗಳ ಬಾಬತ್ತು. ಮೊಮ್ಮಗ ಅಲ್ಲಿಯ ಆಯ್ಕೆಗೆ ಹೋಗಿ ಬಂದ, ಆಯ್ಕೆಯಾಗಲಿಲ್ಲ. ಆ ರಾತ್ರಿ ವೈಟ್ ಸಾಕ್ಸ್ ಎಂದಿನಂತೆ ಸೋತಿತು. ಟಿ.ವಿ. ಆರಿಸಿದ ಮೇಲೆ ಅವನು ಕೇಳಿದ: “ಅಜ್ಜ, ಇವರು ಎಷ್ಟು ಸೋತರೂ ನಾಳೆ ಮತ್ತೆ ಆಡ್ತಾರೆ. ನನಗೆ ಮಾತ್ರ ಯಾಕೆ ಆಡಲಿಕ್ಕೆ ಬಿಡೋದಿಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಹೊರಟವನಿಗೆ ಒಂದು ದೊಡ್ಡ ದೇಶದ ಕಥೆಯೇ ಎದುರಾಯಿತು.

1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬಾತ ಮಕ್ಕಳಿಗಾಗಿ ಮೂರೇ ತಂಡಗಳಿಂದ ‘ಲಿಟಲ್ ಲೀಗ್’ ಆರಂಭಿಸಿದ. ಮಕ್ಕಳ ಅಳತೆಗೆ ತಕ್ಕಂತೆ ಮೈದಾನವನ್ನು ಚಿಕ್ಕದು ಮಾಡಿದ. ಮೊದಲು ಹುಡುಗರಿಗೆ ಮಾತ್ರವಿದ್ದ ಈ ಲೀಗು 1974ರಿಂದ ಹುಡುಗಿಯರಿಗೂ ಬಾಗಿಲು ತೆರೆಯಿತು. ಅದರ ನಿಯಮಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಒಂದಿದೆ. ತಂಡದಲ್ಲಿರುವ ಪ್ರತಿ ಮಗುವೂ ಪಂದ್ಯದಲ್ಲಿ ಕನಿಷ್ಠ ಒಂದು ಸಲ ಬ್ಯಾಟು ಹಿಡಿಯಲೇಬೇಕು. ಎಷ್ಟು ಕೆಟ್ಟದಾಗಿ ಆಡಿದರೂ ಅದಕ್ಕೊಂದು ಸರದಿ ಸಿಗಲೇಬೇಕು. ಈ ಲೀಗು ಊರೂರಿಗೆ ಹಬ್ಬಿ, ದೇಶದ ಗಡಿಯನ್ನೂ ದಾಟಿತು. ಆದರೆ ಆಡುವ ಮಕ್ಕಳ ಸಂಖ್ಯೆ 1990ರ ದಶಕದಲ್ಲಿ ಉತ್ತುಂಗಕ್ಕೇರಿ, ಅನಂತರ ಇಳಿಮುಖವಾಯಿತು. ಅದೇ ಕಾಲದಲ್ಲಿ ಹಣ ತೆತ್ತು ಆಡುವ ಪಯಣದ ತಂಡಗಳು ಬೆಳೆದವು.

ಆಟವೇ ಸತ್ತುಹೋಯಿತು ಎಂದು ಹೇಳುವುದು ತಪ್ಪಾದೀತು. ಪ್ರೌಢಶಾಲೆಗಳಲ್ಲಿ ಇಂದಿಗೂ ಸುಮಾರು ಐದು ಲಕ್ಷ ಹುಡುಗರು ಬೇಸ್‌ಬಾಲ್ ಆಡುತ್ತಾರೆ. ಸೊರಗಿರುವುದು ಮನೆಯ ಮಗ್ಗುಲಿನ ಆಟ. ನಡೆದು ಹೋಗಿ, ಆಡಿ, ಸೋತು, ಮಣ್ಣು ಮೆತ್ತಿಕೊಂಡು ಊಟಕ್ಕೆ ಮರಳುವ ಆಟ. ಇದರ ಪೆಟ್ಟು ಮೊದಲು ಬಡವರ ಮಕ್ಕಳಿಗೆ ತಗುಲಿತು. 1947ರಲ್ಲಿ ಜಾಕಿ ರಾಬಿನ್ಸನ್ ವರ್ಣಭೇದದ ಗೋಡೆಯನ್ನು ಒಡೆದು ಪ್ರಮುಖ ಲೀಗಿಗೆ ಕಾಲಿಟ್ಟ ಆಟವಿದು. 1980ರ ದಶಕದ ಆರಂಭದಲ್ಲಿ ಆಟಗಾರರಲ್ಲಿ ಸುಮಾರು ನೂರಕ್ಕೆ 18 ಮಂದಿ ಕಪ್ಪು ಅಮೆರಿಕನ್ನರಿದ್ದರೆ, 2024ರಲ್ಲಿ ಅವರ ಪ್ರಮಾಣ ಸುಮಾರು 6ಕ್ಕೆ ಇಳಿದಿತ್ತು. 2022ರ ವಿಶ್ವ ಸರಣಿಯ ಎರಡೂ ತಂಡಗಳ ಪಟ್ಟಿಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಪ್ಪು ಆಟಗಾರ ಒಬ್ಬನೂ ಇರಲಿಲ್ಲ. 1950ರ ಬಳಿಕ ಹೀಗಾದುದು ಅದೇ ಮೊದಲು. ಡೊಮಿನಿಕನ್ ಗಣರಾಜ್ಯದಂಥ ದೇಶಗಳಲ್ಲಿ ತಂಡಗಳು ತೆರೆದ ತರಬೇತಿ ಕೇಂದ್ರಗಳು, ಇತರ ಆಟಗಳ ಸೆಳೆತ ಮುಂತಾದ ಬೇರೆ ಕಾರಣಗಳೂ ಇವೆ. ಆದರೆ 2013ರಲ್ಲಿ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿ ಪಡೆದ ಆಂಡ್ರ್ಯೂ ಮೆಕಚನ್, 2015ರಲ್ಲಿ ಬರೆದ ಲೇಖನವೊಂದರಲ್ಲಿ ಬೆರಳು ತೋರಿಸಿದ್ದು ಹಣದ ಕಡೆಗೇ. ಪ್ರತಿಭೆಯಿದ್ದರೂ ಬಡ ಮನೆಯ ಹುಡುಗ ಆಯ್ಕೆದಾರರ ಕಣ್ಣಿಗೆ ಬೀಳುವ ಜಾಗವನ್ನು ತಲುಪುವುದೇ ದುಬಾರಿ ಎಂಬುದು ಅವನ ಅಳಲು. ಅವನೂ ಫ್ಲಾರಿಡಾದ ಬಡ ಕುಟುಂಬದಿಂದ ಬಂದವನು.

ಆ ಲೇಖನಕ್ಕೆ ಹಿನ್ನೆಲೆಯಾಗಿದ್ದುದು ಚಿಕಾಗೋದ ಇದೇ ದಕ್ಷಿಣ ಭಾಗದ ಘಟನೆ. 2014ರಲ್ಲಿ ‘ಜಾಕಿ ರಾಬಿನ್ಸನ್ ವೆಸ್ಟ್’ ಎಂಬ ಕಪ್ಪು ಮಕ್ಕಳ ತಂಡ ಲಿಟಲ್ ಲೀಗಿನ ಅಮೆರಿಕ ಚಾಂಪಿಯನ್ ಆಯಿತು. ನಗರವೇ ಮೆರವಣಿಗೆ ಮಾಡಿ ಆ ಹುಡುಗರನ್ನು ಹೊತ್ತು ಮೆರೆಯಿತು. 2015ರ ಫೆಬ್ರವರಿಯಲ್ಲಿ, ಮಕ್ಕಳನ್ನು ನಿಗದಿತ ಎಲ್ಲೆಯ ಆಚೆಯಿಂದ ಸೇರಿಸಿಕೊಳ್ಳಲಾಗಿತ್ತೆಂಬ ಕಾರಣಕ್ಕೆ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಗೆಲ್ಲಲೇಬೇಕೆಂದು ನಕಾಶೆ ತಿದ್ದಿದವರು ದೊಡ್ಡವರು. ಕಳೆದುಕೊಂಡವರು ಹನ್ನೆರಡು-ಹದಿಮೂರು ವರ್ಷದ ಮಕ್ಕಳು.

ಲೀಗಿನ ಯಜಮಾನರು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ನಗರದೊಳಗಿನ ಬಡ ಮಕ್ಕಳಿಗೆ ಆಟ ಮರಳಿಸಲು 1989ರಲ್ಲಿ ಜಾನ್ ಯಂಗ್ ಲಾಸ್ ಏಂಜಲೀಸಿನಲ್ಲಿ ಆರಂಭಿಸಿದ ಯೋಜನೆಗೆ ಅವರ ಬೆಂಬಲವಿದೆ. ಆಟ ನಿಧಾನ, ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ ಎಂಬ ದೂರಿಗೆ ಉತ್ತರವಾಗಿ 2023ರಿಂದ ಚೆಂಡೆಸೆಯುವವನಿಗೆ ಗಡಿಯಾರ ಕಟ್ಟಿದರು. ಪಂದ್ಯದ ಸರಾಸರಿ ಅವಧಿ ಸುಮಾರು 24 ನಿಮಿಷ ತಗ್ಗಿತು. ಆ ವರ್ಷ ಏಳು ಕೋಟಿಗೂ ಮಿಕ್ಕ ಪ್ರೇಕ್ಷಕರು ಬಂದರು. ಆದರೆ ನನಗನಿಸುವುದು ಇಷ್ಟು: ಗಡಿಯಾರವು ನೋಡುವವರ ಸಮಸ್ಯೆಯನ್ನು ಪರಿಹರಿಸಿತು. ಆಡಲು ಹೋಗಿ ಬಾಗಿಲಿನಿಂದಲೇ ಮರಳಿದ ಹುಡುಗನ ಸಮಸ್ಯೆ ಬೇರೆ. ಮಕ್ಕಳು ಬೇಸರಗೊಂಡು ಆಟ ಬಿಟ್ಟರೆಂದು ದೊಡ್ಡವರು ಹೇಳುತ್ತಾರೆ. ನನ್ನ ಕಣ್ಣಮುಂದೆ ಆಟವೇ ಒಬ್ಬ ಹುಡುಗನನ್ನು ಬಿಟ್ಟಿತ್ತು.

ಇಷ್ಟು ದೂರ ಬಂದ ಓದುಗರು, ಹೊರನಾಡ ಕನ್ನಡಿಗರ ಪತ್ರಿಕೆಯಲ್ಲಿ ಇದೆಲ್ಲ ಏಕೆ ಎಂದು ಕೇಳಬಹುದು. ನನ್ನ ಉತ್ತರ ಒಂದು ತಪ್ಪೊಪ್ಪಿಗೆ.

ಹಲವು ವರ್ಷಗಳ ಹಿಂದೆ, ಸಂಘವೊಂದರ ಮಕ್ಕಳ ಭಾವಗೀತೆ ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಹೆಸರು ಕೊಟ್ಟ ಮಕ್ಕಳು ಬಹಳ. ಸಭಾಂಗಣ ನಮಗಿದ್ದುದು ಸಂಜೆ ಎಂಟರವರೆಗೆ. ಮುಖ್ಯ ಅತಿಥಿಗಳ ಭಾಷಣಕ್ಕೆ ಹೊತ್ತು ಬೇಕಿತ್ತು. ಆದ್ದರಿಂದ ಬೆಳಿಗ್ಗೆಯೇ ಪೂರ್ವಭಾವಿ ಸುತ್ತು ನಡೆಸಿ ಅರ್ಧಕ್ಕರ್ಧ ಮಕ್ಕಳನ್ನು ಮನೆಗೆ ಕಳುಹಿಸಿದೆವು. ಅವರಲ್ಲಿ ಒಬ್ಬ ಹುಡುಗಿ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಂದಿದ್ದಳು. ‘ಳ’ಕಾರ ನೆಟ್ಟಗೆ ಬರುತ್ತಿದ್ದರೂ ಹ್ರಸ್ವ-ದೀರ್ಘಗಳೆಲ್ಲ ಅಡಿಮೇಲಾಗಿದ್ದವು. ಉಚ್ಚಾರ ದೋಷವೆಂದು ನಾನೇ ಅವಳ ಹೆಸರಿನ ಮುಂದೆ ಕೆಂಪು ಗೀಟು ಎಳೆದೆ. ಆಕೆಯ ತಾಯಿ ಏನೂ ಹೇಳದೆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಟರು. ಆ ಕುಟುಂಬವನ್ನು ಮತ್ತೆ ಸಂಘದ ಯಾವ ಕಾರ್ಯಕ್ರಮದಲ್ಲೂ ನಾನು ಕಂಡಿಲ್ಲ. ಯುವಕರು ಸಂಘಕ್ಕೆ ಬರುತ್ತಿಲ್ಲವೆಂದು ಅನಂತರದ ವಾರ್ಷಿಕ ಸಭೆಗಳಲ್ಲಿ ಮೇಜು ಕುಟ್ಟಿ ಮಾತಾಡಿದವರಲ್ಲಿ ನಾನೂ ಒಬ್ಬ.

ನಮ್ಮ ಹಿರಿಯರು ಮುಂಬಯಿಗೆ ಬಂದಾಗ ಹಗಲು ಹೋಟೆಲುಗಳಲ್ಲಿ ತಟ್ಟೆ ತೊಳೆದ ಹುಡುಗರು ಇರುಳು ಶಾಲೆಗಳಲ್ಲಿ ಕನ್ನಡ ಓದಿದರು. ನಿದ್ದೆಗಣ್ಣಿನಲ್ಲಿ ಬಂದವನನ್ನು, ಎರಡು ವರ್ಷ ನಪಾಸಾದವನನ್ನು ಆ ಶಾಲೆಗಳು ಆಯ್ಕೆಯ ಸುತ್ತು ನಡೆಸಿ ಹಿಂದಕ್ಕೆ ಕಳುಹಿಸಲಿಲ್ಲ. ಹಾಗೆ ಓದಿದವರೇ ಮುಂದೆ ಸಂಘಗಳನ್ನು ಕಟ್ಟಿದರು, ಪತ್ರಿಕೆ ತಂದರು, ನಾಟಕ ಆಡಿದರು. ಇಂದು ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಚೆನ್ನೈಯಲ್ಲಾಗಲಿ ನಮ್ಮ ಮಕ್ಕಳ ಪಾಲಿಗೆ ಕನ್ನಡವು ಮನೆಯ ಮಗ್ಗುಲಿನ ಬಯಲಾಗಿ ಉಳಿದಿಲ್ಲ. ಬೀದಿಯ ಭಾಷೆ ಬೇರೆ, ಶಾಲೆಯ ಭಾಷೆ ಬೇರೆ. ತಪ್ಪು ತಪ್ಪಾಗಿ ಕನ್ನಡ ಆಡಲು ಅವರಿಗೆ ಉಳಿದಿರುವ ಜಾಗ ನಮ್ಮ ವೇದಿಕೆ ಒಂದೇ. ಅಲ್ಲಿಯೂ ಬಹುಮಾನ ಗೆಲ್ಲಬಲ್ಲ ನಾಲ್ಕು ಮಕ್ಕಳಿಗಷ್ಟೇ ಧ್ವನಿವರ್ಧಕ ಕೊಟ್ಟರೆ ಉಳಿದವರು ಎಲ್ಲಿ ಹೋಗಿ ತಪ್ಪಬೇಕು?

ಸ್ಪರ್ಧೆಗಳನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಹಾಡುವ ಮಗುವಿಗೆ ಪ್ರಶಸ್ತಿ ಸಲ್ಲಲೇಬೇಕು. ಗುಣಮಟ್ಟ ಬೇಡವೆಂಬ ವಾದ ನನ್ನದಲ್ಲ. ನನ್ನ ಸೂಚನೆ ಚಿಕ್ಕದು. ಮುಂದಿನ ರಾಜ್ಯೋತ್ಸವದಲ್ಲಿ ಪೂರ್ವಭಾವಿ ಸುತ್ತನ್ನು ಕೈಬಿಟ್ಟು, ಹೆಸರು ಕೊಟ್ಟ ಪ್ರತಿ ಮಗುವಿಗೂ ವೇದಿಕೆಯ ಮೇಲೆ ಎರಡು ನಿಮಿಷ ಕೊಡೋಣ. ಹೊತ್ತು ಸಾಲದಿದ್ದರೆ ನಮ್ಮಂಥವರ ಭಾಷಣಗಳಿಂದ ಅದನ್ನು ಕಡಿದುಕೊಳ್ಳೋಣ. ತಪ್ಪು ಹಾಡಿದ ಮಗು ಇಳಿದು ಹೋಗುವಾಗ ಮುಂದಿನ ವರ್ಷವೂ ಬಾ ಎಂದು ಹೇಳುವವರೊಬ್ಬರು ಮೆಟ್ಟಿಲ ಬಳಿ ನಿಂತಿರಲಿ. ಆ ಕೆಲಸಕ್ಕೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು.

ಚಿಕಾಗೋದಿಂದ ಹೊರಡುವ ಹಿಂದಿನ ಸಂಜೆ ನಾನು ಮೊಮ್ಮಗನನ್ನು ಉದ್ಯಾನಕ್ಕೆ ಕರೆದೊಯ್ದೆ. ಲೀಗು ಮುಗಿದಿತ್ತು, ಬಯಲು ಖಾಲಿ. ಎಪ್ಪತ್ತು ದಾಟಿದ ಕೈಯಿಂದ ನಾನು ಚೆಂಡೆಸೆದೆ. ಹದಿನೇಳು ಸಲ ಅವನು ಬ್ಯಾಟು ಬೀಸಿದ, ಹದಿನೇಳು ಸಲವೂ ತಪ್ಪಿತು. ನಾನು ಎಣಿಸುತ್ತಿದ್ದೆ, ಅಭ್ಯಾಸಬಲ. ಹದಿನೆಂಟನೆಯದು ತಾಗಿ, ಬೇಲಿಯ ಕಡೆಗೆ ಉರುಳಿತು. ಚೆಂಡು ತರಲು ಹೋದವನು ಮರಳಿ ಬಂದು, ನನ್ನ ಕೈಯಲ್ಲಿಟ್ಟು, ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ.