ತಪ್ಪು ಹುಡುಗನದ್ದಲ್ಲ, ನಕ್ಷೆಯದ್ದು!



ಗಡಿನಾಡಿನ ಮೇಷ್ಟ್ರುಗಳಾದ ನಾವು ಭಾಷೆ, ಪಠ್ಯಪುಸ್ತಕ ಅಂತ ಜಗಳ ಕಾಯುವುದು ನಿಮಗೆ ಹೊಸತಲ್ಲ. ಇವತ್ತಿನ ಜಗಳ ಬೇರೆ. ಗಿಟಾರಿನ ದನಿಯನ್ನು ಒರಟಾಗಿಸುವ ಪುಟ್ಟ ಪೆಟ್ಟಿಗೆ ಇದೆಯಲ್ಲ, 'ಪೆಡಲ್' ಅಂತಾರೆ, ಅದನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದು ನಕ್ಷೆ ಹಂಚುವವರ ಮೇಲೆ.

ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬ ಅಂಥದೊಂದು ನಕ್ಷೆ ನೋಡಿ, ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡಲ್ಲಿ ಸಾಮಾನು ತಂದು, ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿದ. ಬಂದದ್ದು ಬರೀ ಬರ್‌ಬರ್ ಸದ್ದು. ಮೂರು ಸಲ ಬಿಚ್ಚಿ ಕಟ್ಟಿದ. ಕೊನೆಗೆ ನಮ್ಮ ಮೇಜಿನ ಮೇಲಿಟ್ಟು ಹೇಳಿದ, "ಕನ್ನಡ ಮೀಡಿಯಮ್ಮಿನವರಿಗೆ ಇದೆಲ್ಲ ಹತ್ತೋದಿಲ್ಲ ಸರ್." ಆ ಮಾತು ನಮಗೆ ಚುಚ್ಚಿತು.

ಮಲ್ಟಿಮೀಟರ್ ಹಿಡಿದು ಕೂತೆವು. ನಕ್ಷೆಯಲ್ಲಿ 741 ಐಸಿಗೆ ಒಂದೇ 9 ವೋಲ್ಟ್ ಬ್ಯಾಟರಿ. ಗಿಟಾರಿನ ಸಂಕೇತ ಸೊನ್ನೆಯ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಹೋಗುತ್ತದೆ. ಐಸಿಗೋ ಸೊನ್ನೆಗಿಂತ ಕೆಳಗೆ ನೆಲವೇ ಇಲ್ಲ! ಎರಡು ಬ್ಯಾಟರಿಯ ನಕ್ಷೆಯಿಂದ ಒಂದನ್ನು ಕಿತ್ತು ನಕಲು ಮಾಡಿದರೆ ಇದೇ ಗತಿ. ಮಾಡಬೇಕಾದದ್ದು ಇಷ್ಟೇ: 10 ಕಿಲೋ ಓಮಿನ ಎರಡು ರೆಸಿಸ್ಟರ್‌ಗಳಿಂದ 9 ವೋಲ್ಟನ್ನು ಅರ್ಧ ಮಾಡಿ, ಆ 4.5 ವೋಲ್ಟ್ ಬಿಂದುವಿಗೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟು, ಗ್ರೌಂಡಿಗೆ ಹೋಗುತ್ತಿದ್ದ ಇನ್‌ಪುಟ್ ರೆಸಿಸ್ಟರನ್ನೂ ಗೇಯ್ನ್ ರೆಸಿಸ್ಟರನ್ನೂ ಅಲ್ಲಿಗೆ ಸೇರಿಸುವುದು. ಸೇರಿಸಿದೆವು. ಪೆಟ್ಟಿಗೆ ಹಾಡಿತು. ಹುಡುಗನ ಬೆಸುಗೆಯಲ್ಲಿ ಒಂದೂ ತಪ್ಪಿರಲಿಲ್ಲ!

ಆಮೇಲೆ ಇಂಥ ಇನ್ನಷ್ಟು ನಕ್ಷೆ ತೆಗೆದು ನೋಡಿದೆವು. ಅವೇ ತಪ್ಪುಗಳು ಊರೂರು ಸುತ್ತುತ್ತಿವೆ.

2ಎನ್ 3904 ಟ್ರಾನ್ಸಿಸ್ಟರ್ ಸಿಗದಿದ್ದರೆ ಬಿಸಿ 547 ಹಾಕಿ ಅಂತಾರೆ. ಸರಿ, ಹಾಕಬಹುದು. ಆದರೆ ಚಪ್ಪಟೆ ಮುಖ ನಮ್ಮ ಕಡೆಗಿಟ್ಟು ಎಡದಿಂದ ಎಣಿಸಿದರೆ ಮೊದಲನೆಯದಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ಎರಡನೆಯದಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ತಿರುಗಿಸಿ ಹಾಕಿ ಅನ್ನುವ ಒಂದು ಸಾಲು ಬರೆಯಲು ಏನು ಕಷ್ಟ?

ಎಲ್‌ಇಡಿಯನ್ನು ನೇರ ಬ್ಯಾಟರಿಗೆ ಕಟ್ಟುತ್ತಾರೆ. ಕೆಂಪು ದೀಪ ತಿನ್ನುವುದು ಸುಮಾರು 2 ವೋಲ್ಟ್. ಉಳಿದ 7 ವೋಲ್ಟಿಗೆ 1 ಕಿಲೋ ಓಮಿನ ರೆಸಿಸ್ಟರ್ ಇಟ್ಟರೆ 7 ಮಿಲಿ ಆಂಪಿಯರ್. ಓಮ್‌ನ ನಿಯಮ ನಮ್ಮ ಮಕ್ಕಳಿಗೆ ಗೊತ್ತು, ನಕ್ಷೆ ಬರೆದವರಿಗೆ ಮರೆತಿದೆ.

ಅಡಾಪ್ಟರ್ ವಿಷಯ ಇನ್ನೂ ಅಪಾಯ. ಪೆಡಲ್‌ಗಳ ಪ್ಲಗ್ಗಿನ ನಡುಮಧ್ಯ ಸಾಮಾನ್ಯವಾಗಿ ಋಣ; ಮನೆಯ ಬೇರೆ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಧನ. ಅದಲುಬದಲಾದರೆ ಐಸಿ ಸತ್ತಂತೆ. ಕಾಯಲು ಒಂದು 1ಎನ್ 4001 ಡಯೋಡ್ ಸಾಕು, ಅದೂ ನಕ್ಷೆಯಲ್ಲಿ ಇರುವುದಿಲ್ಲ.

"ದೊಡ್ಡವರ ನಕ್ಷೆಗಳಲ್ಲೂ ತಪ್ಪಿದೆಯಲ್ಲ, ಅದರಿಂದಲೇ ಒಳ್ಳೆ ದನಿ ಬರುತ್ತದಲ್ಲ" ಎಂದು ಕೆಲವರ ವಾದ. 1966ರಲ್ಲಿ ಲಂಡನ್ನಿನಲ್ಲಿ ಬಂದ 'ಫಜ್ ಫೇಸ್' ಅನ್ನು ಎತ್ತಿ ತೋರಿಸುತ್ತಾರೆ. ನಿಜ, ಅದರ ಇನ್‌ಪುಟ್ ಇಂಪೀಡೆನ್ಸ್ ತೀರಾ ಕಡಿಮೆ, ಗಿಟಾರಿನ ಪಿಕಪ್ಪನ್ನು ಜಗ್ಗುತ್ತದೆ. ಆದ್ದರಿಂದಲೇ ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ದನಿ ತಿಳಿಯಾಗುತ್ತದೆ. ನುಡಿಸುವವರಿಗೆ ಅದೇ ಇಷ್ಟ. ಆ ಗುಣ ತಿಳಿದು ಬಳಸುವುದು ಬೇರೆ, ಕಟ್ಟಿಯೇ ನೋಡದೆ "ಸೂಪರಾಗಿ ಕೆಲಸ ಮಾಡುತ್ತೆ" ಅನ್ನುವುದು ಬೇರೆ. ಅಷ್ಟಕ್ಕೂ ಅದರ ಹಳೆಯ ಜರ್ಮೇನಿಯಂ ಮಾದರಿಯಲ್ಲಿ ಬ್ಯಾಟರಿಯ ಧನ ತುದಿಯೇ ಗ್ರೌಂಡ್. ಬೇರೆ ಪೆಡಲ್ ಜೊತೆ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ಶಾರ್ಟ್! ಈ ಎಚ್ಚರಿಕೆ ಹೇಳುವವರು ಎಷ್ಟು ಮಂದಿ?

ನಾವು ಕೇಳುವುದು ದೊಡ್ಡದೇನಲ್ಲ. ನೀವೇ ಕಟ್ಟಿ ನೋಡಿ, ಆಮೇಲೆ ಹಂಚಿ. ಯಾವ ಕಾಲಿನಲ್ಲಿ ಎಷ್ಟು ವೋಲ್ಟ್ ಬರಬೇಕೆಂದು ಬರೆಯಿರಿ. "741ರ ಆರನೇ ಕಾಲಿನಲ್ಲಿ ಸುಮಾರು 4.5 ವೋಲ್ಟ್" ಅಂತ ಒಂದು ಸಾಲಿದ್ದಿದ್ದರೆ ನಮ್ಮ ಹುಡುಗ ಐದು ನಿಮಿಷದಲ್ಲಿ ತಪ್ಪು ಹಿಡಿಯುತ್ತಿದ್ದ. ತಪ್ಪು ಕಂಡಾಗ ತಿದ್ದಿ, ತಿದ್ದಿದ್ದೇವೆಂದು ಹೇಳಿ. ನಾವು ಕರಿಹಲಗೆಯ ಮೇಲೆ ದಿನಾ ಮಾಡುತ್ತೇವೆ, ಮಾನವೇನೂ ಹೋಗಿಲ್ಲ.

ಶಿಕ್ಷಕ ಮಿತ್ರರೇ, ನಮ್ಮದೂ ತಪ್ಪಿದೆ. ಅಚ್ಚಾದದ್ದೆಲ್ಲ ಸರಿ ಎಂದು ಕಲಿಸಿದವರು ನಾವೇ. ಮಗು ಸೋತು ಬಂದಾಗ ಮಗುವನ್ನು ಪರೀಕ್ಷಿಸುವ ಮೊದಲು ನಕ್ಷೆಯನ್ನು ಪರೀಕ್ಷಿಸೋಣ.

ಆ ಹುಡುಗ ಈಗ ತಿದ್ದಿದ ನಕ್ಷೆಯನ್ನು ಕನ್ನಡದಲ್ಲೇ ಬರೆದು ಪ್ರಯೋಗಶಾಲೆಯ ಗೋಡೆಗೆ ಅಂಟಿಸಿದ್ದಾನೆ. ಪ್ರತಿ ಕಾಲಿನ ಪಕ್ಕದಲ್ಲೂ ವೋಲ್ಟ್ ಬರೆದಿದ್ದಾನೆ.