ಬಿಲ್ ಕೌಂಟರಿನಲ್ಲಿ ಕೇಳುವ ಆ ಹತ್ತು ಅಂಕೆ

ಮೊನ್ನೆ ಖಾಲಾ ಜೊತೆ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಹೋಗಿದ್ದೆ. ಎಂಟನೇ ಕ್ರಾಸಿನ ತಿರುವಿನಲ್ಲಿ ಹೂವಿನಾಕೆ ಮೊಳ ಹಾಕುತ್ತಾ, "ಮಗಳಿಗೆ ಹೆರಿಗೆ ಆಯ್ತಾ ಅಮ್ಮಾ?" ಎಂದು ಕೇಳಿದಳು. ವರ್ಷಗಳ ಪರಿಚಯ. ಅಲ್ಲಿಂದ ಒಂದು ದೊಡ್ಡ ಅಂಗಡಿಗೆ ಹೋದೆವು. ಬಿಲ್ ಮಾಡುವ ಹುಡುಗ ತಲೆ ಎತ್ತದೆ, "ಮೊಬೈಲ್ ನಂಬರ್ ಹೇಳಿ ಮೇಡಂ" ಎಂದ.

"ದುಡ್ಡು ಕೊಡ್ತೀನಲ್ಲಪ್ಪಾ, ನಂಬರ್ ಯಾಕೆ?"

"ಪಾಯಿಂಟ್ಸ್ ಬರುತ್ತೆ ಮೇಡಂ."

ಪಾಯಿಂಟ್ಸ್ ಎಂದ ಮೇಲೆ ಖಾಲಾ ಹೇಳಿಯೇಬಿಟ್ಟರು. ಹೊರಗೆ ಬಂದ ಮೇಲೆ ಮಾತ್ರ, "ಅದನ್ನಿಟ್ಟುಕೊಂಡು ಅವರೇನು ಮಾಡ್ತಾರೆ ಬೇಟಿ?" ಎಂದು ಕೇಳಿದರು. ಚೀಲಗಳನ್ನು ಹಿಡಿದುಕೊಂಡು ಆಟೋಗಾಗಿ ಕಾಯುತ್ತಾ ವಿವರಿಸುವಷ್ಟು ಸಣ್ಣ ವಿಷಯ ಅದಾಗಿರಲಿಲ್ಲ.

ಕೌಂಟರಿನ ಕಂಪ್ಯೂಟರಿಗೆ ಬೇಕಿರುವುದು ಇವತ್ತಿನ ಬೆಲೆ, ಇವತ್ತಿನ ದಾಸ್ತಾನು ಅಷ್ಟೇ. ಆದರೆ ಪ್ರತಿಯೊಂದು ಬಿಲ್ಲಿನ ನಕಲೂ ಇನ್ನೊಂದು ಕಡೆಗೆ ಹೋಗುತ್ತದೆ. ಅದಕ್ಕೆ ಡೇಟಾ ವೇರ್‌ಹೌಸ್, ಅಂದರೆ ಮಾಹಿತಿಯ ಗೋದಾಮು ಎಂದು ಹೆಸರು. ಅಮೆರಿಕದ ಬಿಲ್ ಇನ್ಮನ್ 1992ರಲ್ಲಿ ಈ ಬಗ್ಗೆ ಬರೆದ ಪುಸ್ತಕ ಈ ವಿದ್ಯೆಗೆ ಬುನಾದಿ. ಬೇರೆ ಬೇರೆ ಕಡೆಯ ಲೆಕ್ಕಗಳನ್ನು ಒಂದೇ ರೂಪಕ್ಕೆ ತಂದು, ದಿನಾಂಕ ಸಹಿತ, ಹಳೆಯದನ್ನು ಅಳಿಸದೆ ಇಡಬೇಕು ಎಂಬುದು ಅದರ ಸಾರ. ಆ ರಾಶಿಯಿಂದ ವ್ಯಾಪಾರಕ್ಕೆ ಬೇಕಾದ ತಿಳಿವಳಿಕೆಯನ್ನು ಹೆಕ್ಕುವ ಕೆಲಸವೇ ಬಿಸಿನೆಸ್ ಇಂಟೆಲಿಜೆನ್ಸ್. ಬೆಂಗಳೂರಿನ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಈಗ ಇದೇ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಮುಗಿಸುತ್ತಾರೆ.

ನಂಬರ್ ಇಲ್ಲದ ಬಿಲ್ಲಿನಿಂದ ಯಾರೋ ಒಬ್ಬರು ಅಕ್ಕಿ, ಎಣ್ಣೆ ಕೊಂಡರು ಎಂದಷ್ಟೇ ತಿಳಿಯುತ್ತದೆ. ನಂಬರ್ ಸೇರಿದ ಕೂಡಲೇ ಮೂರು ವರ್ಷದ ಬಿಲ್ಲುಗಳು ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ. ಹೆಸರಿನಿಂದ ಈ ಕೆಲಸ ಸುಲಭವಾಗಿ ಆಗುವುದಿಲ್ಲ. ನಮ್ಮ ಖಾಲಾ ರೇಷನ್ ಕಾರ್ಡಿನಲ್ಲಿ ಫಾತಿಮಾ, ಬ್ಯಾಂಕಿನಲ್ಲಿ ಫಾತಿಮಾಬಿ, ಮತದಾರರ ಪಟ್ಟಿಯಲ್ಲಿ ಫಾತೀಮ. ಯಂತ್ರಕ್ಕೆ ಇವರು ಮೂವರು ಹೆಂಗಸರು. ಮೊಬೈಲ್ ನಂಬರ್ ಮಾತ್ರ ಒಂದೇ.

ಈ ದಾರ ಎಷ್ಟು ಒಳಗೆ ಹೋಗಬಲ್ಲದು ಎಂಬುದಕ್ಕೆ 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಪುರವಣಿಯಲ್ಲಿ ಬಂದ ವರದಿ ನೋಡಬೇಕು. ಅಮೆರಿಕದ ಟಾರ್ಗೆಟ್ ಎಂಬ ಅಂಗಡಿ ಸರಣಿಯಲ್ಲಿ ಪ್ರತಿ ಗ್ರಾಹಕರಿಗೂ ಒಂದು ಗುರುತಿನ ಸಂಖ್ಯೆ ಇತ್ತು. ಹುಟ್ಟಲಿರುವ ಮಗುವಿಗೆ ಬೇಕಾದ ಉಡುಗೊರೆಗಳ ಪಟ್ಟಿಯನ್ನು ಕೆಲವು ಗರ್ಭಿಣಿಯರು ಅಂಗಡಿಯಲ್ಲೇ ಬರೆಸಿಟ್ಟಿದ್ದರು. ಅವರು ಹಿಂದಿನ ತಿಂಗಳುಗಳಲ್ಲಿ ಏನೇನು ಕೊಂಡಿದ್ದರು ಎಂದು ಅಲ್ಲಿನ ಲೆಕ್ಕತಜ್ಞರು ಗೋದಾಮಿನಲ್ಲಿ ಹುಡುಕಿದರು. ಪರಿಮಳವಿಲ್ಲದ ಲೋಷನ್, ಕ್ಯಾಲ್ಸಿಯಂ, ಸತುವಿನ ಮಾತ್ರೆ, ಹೀಗೆ ಸುಮಾರು 25 ವಸ್ತುಗಳು ಸಿಕ್ಕವು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾರಿಗೂ ಹೇಳದ ಹೆಂಗಸು ಗರ್ಭಿಣಿಯೇ ಎಂದು ಮಾತ್ರವಲ್ಲ, ಹೆರಿಗೆ ಯಾವಾಗ ಎಂಬುದನ್ನೂ ಅಂದಾಜು ಮಾಡತೊಡಗಿದರು. ಅವಳಿಗೆ ಅನುಮಾನ ಬಾರದಿರಲೆಂದು ಮಗುವಿನ ಸಾಮಾನಿನ ಜಾಹೀರಾತಿನ ಪಕ್ಕದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತು ಹಾಕುತ್ತಿದ್ದರಂತೆ! ಹೂವಿನಾಕೆ ಮುಖ ನೋಡಿ ಕೇಳಿದಳು, ಖಾಲಾ ಇಷ್ಟಪಟ್ಟು ಉತ್ತರಿಸಿದರು. ಇಲ್ಲಿ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಒಂದು ಕಾಲದಲ್ಲಿ ಇಂಥ ಗೋದಾಮು ದೊಡ್ಡ ಬ್ಯಾಂಕು, ಟೆಲಿಫೋನ್ ಕಂಪೆನಿಗಳಿಗಷ್ಟೇ ಎಟುಕುತ್ತಿತ್ತು. ರಾತ್ರಿ ಲೆಕ್ಕ ತುಂಬಿಸಿ ಬೆಳಿಗ್ಗೆ ವರದಿ ತೆಗೆಯುತ್ತಿದ್ದರು. ಈಗ ಜಾಗವನ್ನು ಇಂಟರ್‌ನೆಟ್ಟಿನ ಮೂಲಕ ಬಾಡಿಗೆಗೆ ಪಡೆಯಬಹುದು. ನಾಲ್ಕೈದು ಶಾಖೆಗಳ ಅಂಗಡಿಯವರಿಗೂ ಸಾಧ್ಯ. ಬಿಲ್ಲು ನಿಮಿಷಗಳಲ್ಲಿ ಒಳಗೆ ಸೇರುತ್ತದೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಬಳಿಕ, ಮ್ಯಾನೇಜರ್ ಪರದೆಯ ಮೇಲೆ ಆಡುಮಾತಿನಲ್ಲೇ ಪ್ರಶ್ನೆ ಬರೆದು ಉತ್ತರ ಪಡೆಯುವ ಸೌಕರ್ಯವೂ ಬಂದಿದೆ.

ಆದರೆ ಉತ್ತರ ಸರಾಗವಾಗಿ ಬಂದ ಮಾತ್ರಕ್ಕೆ ಸರಿಯಾಗಿರಬೇಕಿಲ್ಲ. "ಏಪ್ರಿಲ್‌ನಲ್ಲಿ ಖರ್ಜೂರ, ಶಾವಿಗೆ ಯಾಕೆ ಇಷ್ಟು ಕಡಿಮೆ ಖರ್ಚಾಗಿದೆ?" ಎಂದು ಮ್ಯಾನೇಜರ್ ಕೇಳಿದನೆನ್ನಿ. ಬೆಂಗಳೂರಿನಲ್ಲಿ 2023ರ ಏಪ್ರಿಲ್‌ನ ಮೊದಲ ಮೂರು ವಾರವೂ ಉಪವಾಸವಿತ್ತು. 2025ರಲ್ಲಿ ಮಾರ್ಚ್ 31ಕ್ಕೇ ಈದ್ ಆಗಿಹೋಗಿತ್ತು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು ಎಂದು ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಗೋದಾಮಿನ ದಿನಾಂಕದ ಪಟ್ಟಿಯಲ್ಲಿ ರಮಝಾನ್ ಯಾವಾಗ ಎಂದು ಬರೆದಿಡದಿದ್ದರೆ ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಗಿರಾಕಿಗಳು ಕೈಬಿಟ್ಟರೆಂದು ಅದು ಹೇಳಬಹುದು, ಮುಂದಿನ ಸಲ ಅಂಗಡಿಯವನು ಕಡಿಮೆ ತರಿಸಬಹುದು. ದಿನಾಂಕಗಳಿಗೇ ಬೇರೆ ಪಟ್ಟಿ ಇಟ್ಟು ಹಬ್ಬಗಳನ್ನು ಗುರುತಿಸಿರಬೇಕು ಎಂದು ಈ ಕ್ಷೇತ್ರದ ಇನ್ನೊಬ್ಬ ಹಿರಿಯ ರಾಲ್ಫ್ ಕಿಂಬಾಲ್ ಹೇಳುತ್ತಲೇ ಬಂದವರು. ಅದನ್ನು ತುಂಬಿಸುವವರ ನಡುವೆ ನಮ್ಮ ಹುಡುಗಿಯೊಬ್ಬಳಿದ್ದರೆ ಕೆಲಸ ಎಷ್ಟು ಹಗುರ!

ಇನ್ನು, ನಂಬರ್ ಕೊಡಲೇಬೇಕೇ? ಬೇಡ. ನಂಬರ್ ಹೇಳದ ಗ್ರಾಹಕರಿಗೆ ಸಾಮಾನು ನಿರಾಕರಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಯವರಿಗೆ ಸೂಚಿಸಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು 2017ರ ಆಗಸ್ಟ್ 24ರಂದು ತೀರ್ಪಿತ್ತರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯ ಪ್ರಕಾರ, ನಮ್ಮ ಒಪ್ಪಿಗೆಯಿಂದ ಪಡೆದ ಮಾಹಿತಿಯನ್ನು ತಿದ್ದಿಸುವ, ಅಳಿಸಲು ಕೇಳುವ ಹಕ್ಕು ನಮಗಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ.

ಫ್ರಿಜ್ಜು, ಮಿಕ್ಸಿಯ ವಾರಂಟಿಗೆ ನಂಬರ್ ಕೊಡುವುದರಲ್ಲಿ ಅರ್ಥವಿದೆ. ದಿನಸಿಗೆ ಕೊಡುವುದು ಬಿಡುವುದು ಅವರವರ ಲೆಕ್ಕಾಚಾರ. ಇದನ್ನೆಲ್ಲ ಕೇಳಿದ ಖಾಲಾ ತಮ್ಮದೇ ತೀರ್ಮಾನ ಮಾಡಿದ್ದಾರೆ. ಅಕ್ಕಿ ಬೇಳೆಗೆ ನಂಬರ್ ಹೇಳುತ್ತಾರೆ, ಪಾಯಿಂಟ್ಸ್ ಬಿಡಲು ಮನಸ್ಸಿಲ್ಲ. ಮಗಳ ಸಾಮಾನು, ತಮ್ಮ ಶುಗರ್ ಪರೀಕ್ಷೆಯ ಪಟ್ಟಿ ಕೊಳ್ಳುವಾಗ ಮಾತ್ರ, "ನಂಬರ್ ಇಲ್ಲಪ್ಪಾ, ಬಿಲ್ ಕಾಗದದಲ್ಲೇ ಕೊಡು" ಎನ್ನುತ್ತಾರೆ. ಹುಡುಗ ಒಂದು ಕ್ಷಣ ನೋಡಿ ಕಾಗದ ಹರಿದು ಕೊಡುತ್ತಾನೆ.