ಮನೆಯ ಮಾತು: ತೊಟ್ಟಿಲಲ್ಲಿ ಇಬ್ಬರು ಅಜ್ಜಂದಿರು

ಕೂಸು ಗಂಡು, ತಂದೆಯ ತಂದೆಯೂ ತಾಯಿಯ ತಂದೆಯೂ ಗತಿಸಿದ್ದಾರೆ. ಯಾರ ಹೆಸರನ್ನಿಡಬೇಕು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಯು ತೊಟ್ಟಿಲ ದಿನದವರೆಗೂ ತೀರುವದಿಲ್ಲ. ಕಡೆಗೆ ತಂದೆಯ ಕಡೆಯವರೇ ಗೆಲ್ಲುವರು. ಬಾಣಂತಿಯು ಸೆರಗಿನಿಂದ ಕಣ್ಣೊರಸಿಕೊಳ್ಳುವದನ್ನು ಯಾರೂ ಗಣಿಸುವದಿಲ್ಲ.

ನಮ್ಮ ಸೀಮೆಯಲ್ಲಿ ಅಜ್ಜನ ಹೆಸರೆಂದರೆ ಬಹುಮಟ್ಟಿಗೆ ಊರ ದೇವರ ಹೆಸರೇ ಸರಿ. ಇಂಡಿಯ ಶಾಂತೇಶ್ವರನಿಂದ ಶಾಂತಪ್ಪ, ಗೋಲಗೇರಿಯ ಗೊಲ್ಲಾಳೇಶ್ವರನಿಂದ ಗೊಲ್ಲಾಳಪ್ಪ, ಯಲಗೂರ ಹನುಮಪ್ಪನಿಂದ ಯಲಗೂರಪ್ಪ. ಬಸವಣ್ಣನು ಹುಟ್ಟಿದ ಬಾಗೇವಾಡಿಯಲ್ಲಂತೂ ಬಸಪ್ಪನಿಲ್ಲದ ಓಣಿಯೇ ಇರಲಾರದು. ಮಾವನ ಹೆಸರನ್ನು ನುಡಿಯಲಾರದ ಸೊಸೆಯು ಕೂಸನ್ನು "ಮುತ್ಯಾ" ಎಂದೇ ಕರೆಯುವಳು. ಮೊಲೆಯುಣ್ಣುವ ಮುತ್ಯಾ!

ಯೆಹೂದ್ಯರಲ್ಲಿಯೂ ಇದೇ ಚಿಂತೆ. ಎಂಟನೆಯ ದಿನ ಸುನ್ನತಿಯ ಹೊತ್ತಿಗೆ ಗಂಡುಮಗುವಿಗೆ ಹೆಸರಿಡುವರು. ಅವರೊಳಗೆ ಅಶ್ಕೆನಾಜಿಗಳು ಬದುಕಿರುವ ಬಂಧುವಿನ ಹೆಸರನ್ನು ಇಡದೆ ಗತಿಸಿದವರದನ್ನೇ ಆರಿಸುವರು. ಸೆಫಾರ್ದಿಗಳಿಗೆ ಬದುಕಿರುವ ಅಜ್ಜನ ಹೆಸರೂ ನಡೆಯುತ್ತದೆ. ಇಬ್ಬರನ್ನು ನೆನೆಯಬೇಕಾದಲ್ಲಿ ಎರಡು ಹೆಸರುಗಳನ್ನು ಕೂಡಿಸಿಡುವದುಂಟು.

ಹೆಸರು ಕೂಡಿಸುವ ವಿದ್ಯೆ ನಮಗೇನು ಹೊಸದೆ? ಸಂಗನಬಸಪ್ಪ, ಶಿವಬಸಪ್ಪರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಶಾಂತಪ್ಪನ ಮಗನಿಗೂ ಬಸಪ್ಪನ ಮಗಳಿಗೂ ಹುಟ್ಟಿದವನು ಶಾಂತಬಸಪ್ಪನಾದರೆ ತಪ್ಪೇನು? ಸಾಧ್ಯವಾಗದಿದ್ದರೆ ತಾಯಿಯ ತಂದೆಯ ಹೆಸರನ್ನೇ ಇಡಬೇಕೆಂದು ನನ್ನ ಅಭಿಪ್ರಾಯ. ಗಂಡನ ಮನೆತನದ ಅಡ್ಡಹೆಸರು ಹೇಗೂ ಕೂಸಿನೊಡನೆ ಬರುವದು. ಆ ಇನ್ನೊಬ್ಬ ಅಜ್ಜನಿಗೆ ಶಾಲೆಯ ಪಟ್ಟಿಯಲ್ಲಾಗಲಿ ಹೊಲದ ಉತಾರೆಯಲ್ಲಾಗಲಿ ಬೇರೆ ಸ್ಥಳವೆಲ್ಲಿ? ಸೋದರತ್ತೆಯು ಕೂಸಿನ ಕಿವಿಯಲ್ಲಿ ಹೆಸರನ್ನುಸುರುವ ಮೊದಲೇ ಬಾಣಂತಿಯನ್ನೊಮ್ಮೆ ಕೇಳಿರಿ. ಆಮೇಲೆ ಕೇಳಿ ಪ್ರಯೋಜನವಿಲ್ಲ.